ಗರುಗವೂ ನೆಹೆಯೂ: ಸಸ್ಯಕುಲನಿರ್ಣಯದ ಒಂದು ವಿಮರ್ಶೆ

೧

ಪ್ರಾಚೀನ ವೈದ್ಯಗ್ರಂಥಗಳನ್ನೂ ನಿಘಂಟುಗಳನ್ನೂ ಸಂಪಾದಿಸುವವರು ಗಿಡಮೂಲಿಕೆಯ ಹೆಸರು ಬಂದಲ್ಲೆಲ್ಲ ಅದರ ಮುಂದೆ ಒಂದು ಲ್ಯಾಟಿನ್ ಹೆಸರನ್ನು ಬರೆಯುವುದು ಈಗ ರೂಢಿಯಾಗಿ ನಿಂತಿದೆ. ಕಿಟೆಲ್ ಪಂಡಿತರು ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ಕನ್ನಡ ನಿಘಂಟು ಈ ಪದ್ಧತಿಗೆ ನಮ್ಮಲ್ಲಿ ದೊಡ್ಡ ಆಧಾರವಾಯಿತು. ಪದ್ಧತಿಯು ಉಪಯುಕ್ತವಾದುದೇ ಅಹುದು. ಹೆಸರೊಂದೇ ಇದ್ದರೆ ಗಿಡ ಯಾವುದೆಂದು ತಿಳಿಯದೆ ಹೋಗುವ ತೊಂದರೆ ಇದರಿಂದ ಬಹುಮಟ್ಟಿಗೆ ನೀಗಿದೆ. ಆದರೆ 'ಇದೆಂದರೆ ಅದೇ' ಎಂಬ ಈ ಸಮೀಕರಣದಲ್ಲಿ ಎರಡು ಪ್ರಶ್ನೆಗಳು ಅಡಗಿವೆ. ಎರಡು ಹೆಸರುಗಳೂ ಹೊಲದಲ್ಲಿ ಕಾಣುವ ಒಂದೇ ಗಿಡವನ್ನು ತೋರಿಸುತ್ತವೆಯೆ ಎಂಬುದು ಮೊದಲನೆಯದು. ಎರಡು ಹೆಸರುಗಳೂ ಆ ಗಿಡವನ್ನು ಒಂದೇ ವರ್ಗಕ್ಕೆ ಸೇರಿಸುತ್ತವೆಯೆ ಎಂಬುದು ಎರಡನೆಯದು. ಮೊದಲನೆಯದನ್ನು ಸಂಪಾದಕರು ಅಷ್ಟಿಷ್ಟಾದರೂ ಪರೀಕ್ಷಿಸುತ್ತಾರೆ; ಎರಡನೆಯದನ್ನು ಕೇಳುವವರೇ ವಿರಳ. ಅದನ್ನು ಒಂದು ದೃಷ್ಟಾಂತದ ಮೂಲಕ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ದೃಷ್ಟಾಂತಕ್ಕಾಗಿ ದೂರ ಹೋಗಬೇಕಾದುದಿಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆ ಬಹುಪಾಲು ಎರೆಯ ಬಯಲು. ಅದರ ನಡುವೆ ಗದಗ, ಶಿರಹಟ್ಟಿ, ಮುಂಡರಗಿಗಳನ್ನು ಮುಟ್ಟಿ ಕಪ್ಪತಗುಡ್ಡದ ಸಾಲು ಹಾದುಹೋಗಿದೆ. ಗಿಡಮೂಲಿಕೆಗಳ ನೆಲೆಯೆಂದು ಈ ಗುಡ್ಡಕ್ಕೆ ಹಿಂದಿನಿಂದಲೂ ಹೆಸರು. ಗುಡ್ಡದ ಕೆಳಗಿನ ತೇವದ ನೆಲದಲ್ಲಿ, ಕಾಲುವೆಯ ಬದಿಯಲ್ಲಿ, ಕೆರೆಯ ಅಂಚಿನಲ್ಲಿ ಬೆಳೆಯುವ ಒಂದು ಸಣ್ಣ ಗಿಡಕ್ಕೆ ಕನ್ನಡದಲ್ಲಿ ಗರುಗ ಅಥವಾ ಗರಗ ಎಂದು ಹೆಸರು. ಹೂವು ಬಿಳಿದು, ಗುಂಡಿಯಷ್ಟು ಚಿಕ್ಕದು. ಎಲೆಯನ್ನು ಅರೆದರೆ ರಸವು ಗಾಳಿಗೆ ಕಪ್ಪಾಗುತ್ತದೆ. ತಲೆಗೂದಲಿಗೆ ಕಾಯಿಸುವ ಎಣ್ಣೆಗೆ ಇದನ್ನು ಹಾಕುವುದು ಮನೆಮನೆಗೂ ತಿಳಿದ ಸಂಗತಿ. ಸಂಸ್ಕೃತದಲ್ಲಿ ಭೃಂಗರಾಜ, ಮಾರ್ಕವ, ಕೇಶರಾಜ ಮೊದಲಾದವು ಇದರ ಪರ್ಯಾಯಗಳು. ಅಮರಸಿಂಹನು ವನೌಷಧಿವರ್ಗದಲ್ಲಿ ಮಾರ್ಕವ, ಭೃಂಗರಾಜ ಎಂಬೆರಡನ್ನೂ ಕೂಡಿಸಿ ಹೇಳಿದ್ದಾನೆ. ಈಗಿನ ಸಸ್ಯಶಾಸ್ತ್ರದಲ್ಲಿ ಇದು ಎಕ್ಲಿಪ್ಟಾ ಪ್ರೋಸ್ಟ್ರಾಟಾ. ಸೂರ್ಯಕಾಂತಿ, ಕುಸುಬೆ, ಗುರೆಳ್ಳು, ಸೇವಂತಿಗೆಗಳನ್ನೊಳಗೊಂಡ ಆಸ್ಟರೇಸೀ ಎಂಬ ವಂಶಕ್ಕೆ ಸೇರಿದುದು.

ಪರಿಭಾಷೆಯ ವಿಷಯದಲ್ಲಿ ಒಂದು ಮಾತು ಅವಶ್ಯಕ. ಕನ್ನಡದ ವಿಜ್ಞಾನಗ್ರಂಥಗಳಲ್ಲಿ 'ಜಾತಿ' ಶಬ್ದವು ಒಮ್ಮೆ ದೊಡ್ಡ ವರ್ಗಕ್ಕೂ ಒಮ್ಮೆ ಅದರೊಳಗಿನ ಚಿಕ್ಕ ವರ್ಗಕ್ಕೂ ಪ್ರಯೋಗವಾಗುತ್ತದೆ. ನ್ಯಾಯಶಾಸ್ತ್ರದಲ್ಲಂತೂ ಅದಕ್ಕೆ ಬೇರೆಯೇ ಅರ್ಥ. 'ಗಣ' ಶಬ್ದವನ್ನು ಸುಶ್ರುತನು ಕಾರ್ಯಸಾಮ್ಯವುಳ್ಳ ದ್ರವ್ಯಗಳ ಮೂವತ್ತೇಳು ಸಮೂಹಗಳಿಗೆ ಮೊದಲೇ ಮೀಸಲಿಟ್ಟಿದ್ದಾನೆ. ಆದುದರಿಂದ ಇಲ್ಲಿ ದೊಡ್ಡದಕ್ಕೆ ವಂಶವೆಂದೂ ಅದರೊಳಗಿನದಕ್ಕೆ ಕುಲವೆಂದೂ ಕುಲದೊಳಗಿನದಕ್ಕೆ ಪ್ರಭೇದವೆಂದೂ ವ್ಯವಹರಿಸಿದೆ. ಎಕ್ಲಿಪ್ಟಾ ಎಂಬುದು ಕುಲ, ಪ್ರೋಸ್ಟ್ರಾಟಾ ಎಂಬುದು ಪ್ರಭೇದ.

೨

ಭೃಂಗರಾಜವು ಒಂದೇ ಅಲ್ಲವೆಂದು ನಿಘಂಟುಕಾರರ ಮತ. ನರಹರಿಪಂಡಿತನ ರಾಜನಿಘಂಟುವಿನಲ್ಲಿ ಹೂವಿನ ಬಣ್ಣವನ್ನು ಹಿಡಿದು ಬಿಳಿ, ಹಳದಿ, ನೀಲಿ ಎಂದು ಮೂರು ಭೇದಗಳು ಹೇಳಲ್ಪಟ್ಟಿವೆ. ಇವುಗಳಲ್ಲಿ ಬಿಳಿಯದು ಗರುಗವೆಂಬುದರಲ್ಲಿ ವಿವಾದವಿಲ್ಲ. ಹಳದಿಯದನ್ನು ವಿದ್ವಾಂಸರು ವೆಡೇಲಿಯಾ ಎಂಬ ಬೇರೊಂದು ಕುಲದ ಗಿಡವೆಂದು ಗುರುತಿಸುತ್ತ ಬಂದಿದ್ದಾರೆ. ನೀಲಿಯದಕ್ಕೆ ಸರ್ವಸಮ್ಮತವಾದ ಗುರುತು ದೊರೆತಿಲ್ಲ.

ಇಲ್ಲಿ ಆಧುನಿಕ ವ್ಯಾಖ್ಯಾನಕಾರರು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿಯನ್ನು ಹಿಡಿಯುತ್ತಾರೆ. ಕೆಲವರು ನಿಘಂಟುಕಾರನು ಹೂವಿನ ಬಣ್ಣವೊಂದನ್ನೇ ನೋಡಿ ಬೇರೆಬೇರೆ ಕುಲಗಳನ್ನು ಒಟ್ಟುಗೂಡಿಸಿ ತಪ್ಪಿದನೆನ್ನುತ್ತಾರೆ. ಮತ್ತೆ ಕೆಲವರು ಅವನಿಗೆ ಎಲ್ಲವೂ ತಿಳಿದಿತ್ತೆಂದೂ, ಅವನ ಭೇದಗಳೇ ಇಂದಿನ ಪ್ರಭೇದಗಳೆಂದೂ ಸಾಧಿಸಹೊರಡುತ್ತಾರೆ. ಮೊದಲಿನವರದು ಅನಾದರ, ಎರಡನೆಯವರದು ಅತ್ಯಾದರ. ಪರಸ್ಪರ ವಿರುದ್ಧವಾಗಿ ಕಂಡರೂ ಇವೆರಡರ ಬೇರು ಒಂದೇ. ವರ್ಗೀಕರಣವೆಂಬುದು ಒಂದೇ ಬಗೆಯದು, ಅದರಲ್ಲಿ ಸರಿ ತಪ್ಪುಗಳನ್ನು ಒಂದೇ ಅಳತೆಗೋಲಿನಿಂದ ಅಳೆಯಬಹುದು ಎಂಬ ಭಾವನೆಯೇ ಆ ಬೇರು.

ನಿಘಂಟುಗಳ ವರ್ಗಗಳನ್ನು ತೆರೆದು ನೋಡಿದರೆ ಈ ಭಾವನೆ ನಿಲ್ಲುವುದಿಲ್ಲ. ಧನ್ವಂತರಿನಿಘಂಟುವಿನ ಗುಡೂಚ್ಯಾದಿ, ಚಂದನಾದಿ, ಕರವೀರಾದಿ ವರ್ಗಗಳು ಮೊದಲು ಬರುವ ದ್ರವ್ಯದ ಹೆಸರನ್ನೇ ತಾಳಿದವು. ಚರಕಸಂಹಿತೆಯಲ್ಲಿ ಐವತ್ತು ಮಹಾಕಷಾಯಗಳು ಹತ್ತು ಹತ್ತು ದ್ರವ್ಯಗಳ ಗುಂಪುಗಳು. ಬಳ್ಳಿ, ಮರ, ಬೇರು, ಹಣ್ಣು ಎನ್ನದೆ ಕರ್ಮಸಾಮ್ಯವಿದ್ದುದೆಲ್ಲ ಒಂದೆಡೆ ಸೇರುತ್ತದೆ. ಗಿಡವು ಯಾವುದರಿಂದ ಹುಟ್ಟಿತೆಂಬುದು ಅಲ್ಲಿ ಪ್ರಶ್ನೆಯಲ್ಲ. ಶರೀರದಲ್ಲಿ ಏನು ಮಾಡುತ್ತದೆಂಬುದು ಪ್ರಶ್ನೆ. ಶಬ್ದದ ಪ್ರವೃತ್ತಿನಿಮಿತ್ತವೆಂದು ಶಾಸ್ತ್ರಕಾರರು ಯಾವುದನ್ನು ಹೇಳುತ್ತಾರೋ ಅದು ಇಲ್ಲಿ ದ್ರವ್ಯದ ಗುಣಕರ್ಮ. 'ಭೃಂಗರಾಜ'ವೆಂಬ ಶಬ್ದವು ಕೇಶಕ್ಕೆ ಹಿತವಾದ ಒಂದು ದ್ರವ್ಯವೆಂಬ ನಿಮಿತ್ತದಿಂದ ಪ್ರವರ್ತಿಸಿದರೆ, 'ಎಕ್ಲಿಪ್ಟಾ' ಎಂಬ ಶಬ್ದವು ಒಂದು ಹುಟ್ಟಿನ ಸಂಬಂಧವೆಂಬ ನಿಮಿತ್ತದಿಂದ ಪ್ರವರ್ತಿಸುತ್ತದೆ. ತೋರಿಸಿದ ವ್ಯಕ್ತಿ ಒಂದೇ ಆಗಿರಬಹುದು, ನಿಮಿತ್ತ ಬೇರೆ. ನಿಮಿತ್ತ ಬೇರೆಯಾದ ಶಬ್ದಗಳನ್ನು ಪರ್ಯಾಯಗಳೆಂದು ಬರೆಯುವುದು ಸಾಧುವಲ್ಲ.

೩

ಹಾಗಾದರೆ ಲ್ಯಾಟಿನ್ ಹೆಸರಾದರೂ ಸ್ಥಿರವೆ? ಅದರ ಚರಿತ್ರೆಯನ್ನು ಕೇಳಿದರೆ ನಿಘಂಟುಕಾರನ ಮೇಲಿನ ಆಕ್ಷೇಪವು ಬಹಳವಾಗಿ ಸಡಿಲುತ್ತದೆ. ಆಧುನಿಕ ಸಸ್ಯನಾಮಪದ್ಧತಿಗೆ ಮೂಲಪುರುಷನಾದ ಲಿನೇಯಸನು ೧೭೫೩ರ ತನ್ನ ಗ್ರಂಥದಲ್ಲಿ ಬಿಳಿಯ ಗರುಗವನ್ನೂ ಹಳದಿಯದನ್ನೂ ವರ್ಬೆಸಿನಾ ಎಂಬ ಒಂದೇ ಕುಲದಲ್ಲಿಟ್ಟಿದ್ದನು. ಬಿಳಿಯದಕ್ಕೆ ವರ್ಬೆಸಿನಾ ಆಲ್ಬಾ, ವರ್ಬೆಸಿನಾ ಪ್ರೋಸ್ಟ್ರಾಟಾ ಎಂದು ಎರಡು ಹೆಸರು. ಹಳದಿಯದಕ್ಕೆ ವರ್ಬೆಸಿನಾ ಕ್ಯಾಲೆಂಡ್ಯುಲೇಸಿಯಾ. ಹತ್ತು ವರ್ಷಗಳ ತರುವಾಯ, ೧೭೬೩ರಲ್ಲಿ, ಕಡಲ ದಂಡೆಯ ಮೇಲೆ ಹಬ್ಬುವ ಮತ್ತೊಂದು ಹಳದಿ ಹೂವಿನ ಗಿಡವನ್ನು ವರ್ಬೆಸಿನಾ ಬೈಫ್ಲೋರಾ ಎಂದು ಅದೇ ಕುಲಕ್ಕೆ ಸೇರಿಸಿದನು. ಎಂದರೆ ನರಹರಿಯು ಹೇಗೆ ಹೋಲಿಕೆಯನ್ನು ನೋಡಿ ಬಿಳಿದನ್ನೂ ಹಳದಿಯನ್ನೂ ಒಂದು ಹೆಸರಿನ ಕೆಳಗೆ ತಂದನೋ ಹಾಗೆಯೇ ಲಿನೇಯಸನೂ ತಂದನು.

ಆಮೇಲೆ ಈ ಮನೆ ಒಡೆಯಿತು. ೧೭೭೧ರಲ್ಲಿ ಲಿನೇಯಸನೇ ಬಿಳಿಯದನ್ನು ಎಕ್ಲಿಪ್ಟಾ ಎಂಬ ಹೊಸ ಕುಲಕ್ಕೆ ಸಾಗಿಸಿದನು. ಹಳದಿಯದು ವೆಡೇಲಿಯಾ ಕುಲಕ್ಕೆ ಹೋಗಿ, ಅಲ್ಲಿಂದ ೧೯೯೬ರಲ್ಲಿ ಪ್ರುಸ್ಕಿ ಎಂಬ ವಿದ್ವಾಂಸನ ಕೈಯಲ್ಲಿ ಸ್ಫ್ಯಾಗ್ನೆಟಿಕೋಲಾ ಕುಲಕ್ಕೆ ಬಂದಿತು. ಕಡಲ ದಂಡೆಯದು ವೊಲ್ಲಾಸ್ಟೋನಿಯಾ ಎನ್ನಿಸಿಕೊಂಡಿತು, ಬಹುಕಾಲ ವೆಡೇಲಿಯಾ ಎಂದೂ ಕರೆಸಿಕೊಂಡಿತು. ಇಷ್ಟಾದರೂ ಈ ಮೂರೂ ಎಕ್ಲಿಪ್ಟಿನೀ ಎಂಬ ಒಂದೇ ಉಪವಿಭಾಗದೊಳಗೆ ಉಳಿದಿವೆ. ಆ ಉಪವಿಭಾಗಕ್ಕೆ ಹೆಸರು ಕೊಟ್ಟುದು ಗರುಗದ ಕುಲವೇ. ಮನೆ ಬೇರೆಯಾದರೂ ಕೇರಿ ಒಂದೇ ಎಂಬಂತಾಗಿದೆ.

ಈ ಒಡಕಿಗೆ ಕಾರಣವೇನು? ಹೋಲಿಕೆಯನ್ನು ನೋಡಿ ಕಟ್ಟಿದ ಕುಲವು ಯಾವಾಗ, ಯಾವ ಪ್ರಮಾಣದಿಂದ ಮುರಿಯುತ್ತದೆ? ಇದನ್ನು ಸ್ಪಷ್ಟವಾಗಿ ಕಾಣಬೇಕಾದರೆ ಸುತ್ತಲೂ ಬೇರೆ ಗಿಡಗಳ ಸಂಪರ್ಕವಿಲ್ಲದ ಒಂದು ಕ್ಷೇತ್ರದಲ್ಲಿ ನೋಡಬೇಕು. ಅಂತಹ ಕ್ಷೇತ್ರವು ಶಾಂತಮಹಾಸಾಗರದ ಮಧ್ಯದ ಹವಾಯಿ ದ್ವೀಪಗಳು. ಹತ್ತಿರದ ಖಂಡದಿಂದ ಮೂರೂವರೆ ಸಾವಿರ ಕಿಲೋಮೀಟರಿಗಿಂತಲೂ ದೂರ. ಗರುಗದ ಕೇರಿಗೇ ಸೇರಿದ ಒಂದು ಸಸ್ಯಸಮೂಹ ಅಲ್ಲಿದೆ. ಹಳದಿ ಹೂವು ಬಿಡುವ ಈ ಗಿಡಗಳಿಗೆ ದ್ವೀಪವಾಸಿಗಳ ಭಾಷೆಯಲ್ಲಿ 'ನೆಹೆ' ಎಂದು ಹೆಸರು.

೪

ನೆಹೆಗಳಿಗೆ ಲಿಪೋಖೀಟಾ ಎಂಬ ಕುಲನಾಮವನ್ನಿತ್ತವನು ಡಿ ಕ್ಯಾಂಡೋಲ್, ೧೮೩೬ರಲ್ಲಿ. ೧೯೩೫ರಲ್ಲಿ ಶೆರ್ಫ್ ಎಂಬಾತನು ಈ ಕುಲವನ್ನು ಪರಿಷ್ಕರಿಸಿ ಬರೆದನು. ೧೯೭೯ರಲ್ಲಿ ಗಾರ್ಡ್ನರ್ ಮತ್ತೆ ಪರಿಷ್ಕರಿಸಿದನು. ಗಾರ್ಡ್ನರನ ಪರಿಷ್ಕರಣದಲ್ಲಿ ಈ ವಿಮರ್ಶೆಗೆ ಬೇಕಾದ ಸಂಗತಿಯೊಂದಿದೆ. ಕುಲದೊಳಗೆ ಎರಡು ಪಂಗಡಗಳು ಎದ್ದು ಕಾಣುತ್ತಿದ್ದವು. ಸೂರ್ಯಕಾಂತಿಯ ವಂಶದಲ್ಲಿ ಒಂದು ಹೂವೆಂದು ಕಾಣುವುದು ವಾಸ್ತವವಾಗಿ ಅನೇಕ ಚಿಕ್ಕ ಹೂಗಳ ಗೊಂಚಲಷ್ಟೆ. ಆ ಗೊಂಚಲಿನ ನಡುವಣ ಚಿಕ್ಕ ಹೂಗಳು ಒಂದು ಪಂಗಡದಲ್ಲಿ ನಾಲ್ಕು ಸೀಳಾಗಿಯೂ ಮತ್ತೊಂದರಲ್ಲಿ ಐದು ಸೀಳಾಗಿಯೂ ಇರುತ್ತವೆ. ಜೀವಕೋಶದೊಳಗಿನ ವರ್ಣತಂತುಗಳನ್ನು ಎಣಿಸಿದರೆ, ಬೀಜಕೋಶದ ಲೆಕ್ಕದಲ್ಲಿ, ನಾಲ್ಕು ಸೀಳಿನವಕ್ಕೆ ೨೬. ಐದು ಸೀಳಿನವಕ್ಕೆ ೧೫. ಹೊರಗಿನ ಲಿಂಗವೂ ಒಳಗಿನ ಸಂಖ್ಯೆಯೂ ಒಂದಕ್ಕೊಂದು ಹೊಂದಿಕೊಂಡಿವೆ. ಆದರೂ ಗಾರ್ಡ್ನರನು ಇವನ್ನು ಒಂದೇ ಕುಲದ ಎರಡು ವಿಭಾಗಗಳೆಂದೇ ಉಳಿಸಿಕೊಂಡನು.

೧೯೮೧ರಲ್ಲಿ ರಬಕೋನಾಂದ್ರಿಯಾನಿನಾ, ಕಾರ್ ಎಂಬಿಬ್ಬರು ಹವಾಯಿಯ ನೆಹೆಯನ್ನು ಕಡಲ ದಂಡೆಯ ಬೈಫ್ಲೋರಾದೊಡನೆ ಸಂಕರಗೊಳಿಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಭಾರತದ ಕರಾವಳಿಯಲ್ಲಿಯೂ ಬೆಳೆಯುವ ಈ ಗಿಡಕ್ಕೂ ಅಲ್ಲಿನ ನೆಹೆಗೂ ಹತ್ತಿರದ ರಕ್ತಸಂಬಂಧವಿದೆಯೆಂಬುದಕ್ಕೆ ಅದು ಬಲವಾದ ಆಧಾರವಾಯಿತು. ೨೦೦೧ರಲ್ಲಿ ವ್ಯಾಗ್ನರ್, ರಾಬಿನ್ಸನ್ ಎಂಬವರು ಕುಲವನ್ನು ಒಡೆದರು. ೨೬ರ ಪಂಗಡಕ್ಕೆ ಮಾತ್ರ ಲಿಪೋಖೀಟಾ ಎಂಬ ಹೆಸರು ಉಳಿಯಿತು. ೧೫ರ ಪಂಗಡವು ಮೆಲಾಂಥೆರಾ ಕುಲಕ್ಕೆ ಹೋಯಿತು. ೨೦೧೩ರಲ್ಲಿ ಆರ್ಚರ್ಡ್ ಅದನ್ನು ಅಲ್ಲಿಂದ ತೆಗೆದು ವೊಲ್ಲಾಸ್ಟೋನಿಯಾ ಕುಲದೊಳಗಿಟ್ಟನು. ೨೬ರ ಪಂಗಡವಾದರೋ ೧೫ರ ಒಂದು ಮನೆತನಕ್ಕೂ ೧೧ರ ಮತ್ತೊಂದು ಮನೆತನಕ್ಕೂ ಆದ ಸಂಕರದಿಂದ ಹುಟ್ಟಿತೆಂಬುದು ವಿದ್ವಾಂಸರು ಮುಂದಿಟ್ಟಿರುವ ಅನುಮಾನ. ಹದಿನೈದೂ ಹನ್ನೊಂದೂ ಸೇರಿ ಇಪ್ಪತ್ತಾರಾಗುವುದು ಅದಕ್ಕೆ ಒಂದು ಹೇತು. ಗರುಗದ ವರ್ಣತಂತುಗಳ ಸಂಖ್ಯೆಯೂ ಹನ್ನೊಂದೇ. ಆದರೆ ಅಷ್ಟರಿಂದಲೇ ಗರುಗವು ನೆಹೆಯ ಪೂರ್ವಜವೆಂದು ಹೇಳಿದರೆ ಹೇತುವು ವ್ಯಭಿಚಾರಿಯಾಗುತ್ತದೆ, ಏಕೆಂದರೆ ಆ ಸಂಖ್ಯೆ ಬೇರೆ ಅನೇಕ ಗಿಡಗಳಲ್ಲಿಯೂ ಇದೆ. ಸಂಖ್ಯಾಸಾಮ್ಯವು ಸಂಬಂಧಕ್ಕೆ ಸಹಕಾರಿಯೇ ಹೊರತು ಸಾಧಕವಲ್ಲ.

ಈ ಚರಿತ್ರೆಯನ್ನು ತರ್ಕಶಾಸ್ತ್ರದ ದೃಷ್ಟಿಯಿಂದ ಓದಿದರೆ ಮೂರು ಅಂಶಗಳು ತೋರುತ್ತವೆ. ಮೊದಲನೆಯದು ಲಕ್ಷಣದೋಷ. ಹಳದಿ ಹೂವು, ಎಲೆಯ ರೀತಿ, ದ್ವೀಪವಾಸ ಇವುಗಳನ್ನು ಕೂಡಿಸಿ ಮಾಡಿದ ಹಳೆಯ ಲಕ್ಷಣವು ಹುಟ್ಟಿನಿಂದ ಬೇರೆಯಾದವನ್ನೂ ಒಳಕ್ಕೆ ಎಳೆದುಕೊಂಡಿತು, ಇದು ಅತಿವ್ಯಾಪ್ತಿ. ಅದೇ ಲಕ್ಷಣವು ಹವಾಯಿಯ ಹೊರಗಿರುವ ನಿಜವಾದ ಬಂಧುವನ್ನು, ಎಂದರೆ ಕಡಲ ದಂಡೆಯ ಗಿಡವನ್ನು, ಹೊರಗೆ ನಿಲ್ಲಿಸಿತು, ಇದು ಅವ್ಯಾಪ್ತಿ. ಒಂದೇ ಲಕ್ಷಣದಲ್ಲಿ ಎರಡು ದೋಷಗಳೂ ಕೂಡಿದವು. 'ದ್ವೀಪದಲ್ಲಿ ಮಾತ್ರ ಇರುವ ಕುಲ' ಎಂಬ ಕೀರ್ತಿಯೂ ಅರ್ಧದಷ್ಟು ಈ ಲಕ್ಷಣದಿಂದಲೇ ಬಂದುದಾಗಿತ್ತು. ಪ್ರಭೇದಗಳು ಆ ದ್ವೀಪಗಳವೇ ಆದರೂ ೧೫ರ ಪಂಗಡದ ಕುಲವು ದ್ವೀಪಕ್ಕೆ ಮೀಸಲಾದುದಲ್ಲವೆಂದು ಆಮೇಲೆ ತಿಳಿಯಿತು.

ಎರಡನೆಯದು ಸಂಕರ. ಉದಯನಾಚಾರ್ಯನು ಕಿರಣಾವಲಿಯಲ್ಲಿ ಒಂದು ಧರ್ಮವು ಜಾತಿಯಾಗುವುದಕ್ಕೆ ಬಾಧಕಗಳನ್ನು ಎಣಿಸುವಾಗ ಸಂಕರವನ್ನೂ ಹೇಳಿದ್ದಾನೆ. ಭೂತತ್ವವು ಆಕಾಶದಲ್ಲಿದೆ, ಮೂರ್ತತ್ವ ಅಲ್ಲಿಲ್ಲ. ಮೂರ್ತತ್ವವು ಮನಸ್ಸಿನಲ್ಲಿದೆ, ಭೂತತ್ವ ಅಲ್ಲಿಲ್ಲ. ಪೃಥಿವ್ಯಾದಿಗಳಲ್ಲಿ ಎರಡೂ ಇವೆ. ಹೀಗೆ ಒಂದನ್ನೊಂದು ಅಡ್ಡಹಾಯುವ ಧರ್ಮಗಳು ಜಾತಿಗಳಾಗಲಾರವು. ೨೬ರ ನೆಹೆಯನ್ನು ೧೫ರ ಮನೆತನಕ್ಕೆ ಸೇರಿಸಿದರೆ ೧೧ರ ಪಾಲು ಉಳಿಯುತ್ತದೆ. ೧೧ಕ್ಕೆ ಸೇರಿಸಿದರೆ ೧೫ರ ಪಾಲು ಉಳಿಯುತ್ತದೆ. ಎರಡಕ್ಕೂ ಸೇರಿಸಿದರೆ ಆ ಎರಡು ಕುಲಗಳೂ ಒಂದನ್ನೊಂದು ಅಡ್ಡಹಾಯುತ್ತವೆ. ಆದುದರಿಂದ ಅದಕ್ಕೆ ಸ್ವತಂತ್ರ ಕುಲವನ್ನು ಕೊಟ್ಟ ೨೦೦೧ರ ನಿರ್ಣಯವು ಯುಕ್ತಿಯುಕ್ತವಾಗಿದೆ. ತರ್ಕದಲ್ಲಿ ಸಂಕರವು ಧರ್ಮಗಳದು, ಇಲ್ಲಿ ಹುಟ್ಟಿನದು; ಈ ಭೇದವನ್ನು ಮರೆಯಬಾರದು. ಆದರೂ ತೊಡಕಿನ ಆಕಾರ ಒಂದೇ ಆಗಿರುವುದು ಗಮನಾರ್ಹ.

ಮೂರನೆಯದು ಲಕ್ಷಣಕ್ಕೂ ಲಿಂಗಕ್ಕೂ ಇರುವ ಭೇದ. ಕುಲವನ್ನು ಕುಲವಾಗಿಸುವುದು ಹುಟ್ಟು. ಅದನ್ನು ಕಣ್ಣಿಗೆ ತೋರಿಸಿಕೊಡುವುದು ಹೂವಿನ ಸೀಳು. ನಾಲ್ಕು ಸೀಳಿರುವುದರಿಂದ ಅದು ಲಿಪೋಖೀಟಾ ಆಗುವುದಿಲ್ಲ. ಲಿಪೋಖೀಟಾ ಆದುದರಿಂದ ನಾಲ್ಕು ಸೀಳು ಕಾಣುತ್ತದೆ. ವ್ಯಾಕರಣಮಹಾಭಾಷ್ಯದಲ್ಲಿ ಜಾತಿಯನ್ನು ಆಕೃತಿಯಿಂದ ಗ್ರಹಿಸತಕ್ಕದ್ದೆಂದು ಹೇಳಿ, ಅದರೊಡನೆಯೇ ಗೋತ್ರವನ್ನೂ ಜಾತಿಯೆಂದು ಪರಿಗಣಿಸಿರುವುದನ್ನು ಇಲ್ಲಿ ನೆನೆಯಬಹುದು. ಆಕೃತಿಯೊಂದು, ಗೋತ್ರವೊಂದು. ಲಿನೇಯಸನ ಕಾಲದ ಸಸ್ಯಶಾಸ್ತ್ರವು ಆಕೃತಿಯನ್ನು ಹಿಡಿಯಿತು. ಇಂದಿನದು ಗೋತ್ರವನ್ನು ಹಿಡಿದು ಆಕೃತಿಯನ್ನು ಅದರ ಲಿಂಗವನ್ನಾಗಿ ಮಾಡಿಕೊಂಡಿದೆ.

೫

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ಹನ್ನೆರಡೇ ವರ್ಷಗಳಲ್ಲಿ ಒಂದು ಪಂಗಡವು ಎರಡು ಬಾರಿ ಕುಲವನ್ನು ಬದಲಾಯಿಸಿತು. ಹವಾಯಿಯ ಜನರ 'ನೆಹೆ' ಎಂಬ ಹೆಸರಾದರೋ ಎರಡು ಪಂಗಡಗಳಿಗೂ ಹಾಗೆಯೇ ನಿಂತಿದೆ. ನಮ್ಮಲ್ಲಿಯೂ ವರ್ಬೆಸಿನಾ, ಎಕ್ಲಿಪ್ಟಾ, ವೆಡೇಲಿಯಾ, ಸ್ಫ್ಯಾಗ್ನೆಟಿಕೋಲಾ ಎಂದು ಲ್ಯಾಟಿನ್ ಹೆಸರುಗಳು ಅಲೆದಾಡಿದರೂ 'ಗರುಗ'ವು ಗರುಗವಾಗಿಯೇ ಇದೆ. ಹೀಗಿರಲು ಅಸ್ಥಿರವಾದುದನ್ನು ತಂದು ಸ್ಥಿರವಾದುದಕ್ಕೆ ಸಾಕ್ಷಿ ನಿಲ್ಲಿಸುವುದೇತಕ್ಕೆ? ಲ್ಯಾಟಿನ್ ಹೆಸರನ್ನು ಬಿಟ್ಟುಬಿಡುವುದೇ ಲೇಸಲ್ಲವೆ?

ಇದು ಒಪ್ಪತಕ್ಕದ್ದಲ್ಲ. ದೇಶ್ಯನಾಮವು ಸ್ಥಿರವಾಗಿರುವುದು ಅದು ಕುಲದ ವಿಷಯದಲ್ಲಿ ಯಾವ ಪ್ರತಿಜ್ಞೆಯನ್ನೂ ಮಾಡದಿರುವುದರಿಂದ. ಪ್ರತಿಜ್ಞೆಯಿಲ್ಲದಲ್ಲಿ ಭಂಗವೂ ಇಲ್ಲ. ಲ್ಯಾಟಿನ್ ಕುಲನಾಮವು ಹುಟ್ಟಿನ ಸಂಬಂಧವನ್ನು ಪ್ರತಿಜ್ಞೆಮಾಡುತ್ತದೆ; ಹೊಸ ಪ್ರಮಾಣ ಬಂದಾಗ ಬದಲಾಗುವುದು ಅದರ ದೌರ್ಬಲ್ಯವಲ್ಲ, ಪ್ರಾಮಾಣಿಕತೆ. ಅಲ್ಲದೆ ದೇಶ್ಯನಾಮವೊಂದನ್ನೇ ನಂಬಿದರೆ ಏನಾಗುತ್ತದೆಂಬುದು ಹಳದಿಯ ಗರುಗದಲ್ಲಿ ಪ್ರತ್ಯಕ್ಷವಾಗಿದೆ. ಉಷ್ಣ ಅಮೆರಿಕದಿಂದ ಬಂದು ಉದ್ಯಾನಗಳಲ್ಲಿ ನೆಲಹೊದಿಕೆಯಾಗಿ ನೆಡಲ್ಪಡುವ ಸ್ಫ್ಯಾಗ್ನೆಟಿಕೋಲಾ ಟ್ರೈಲೋಬೇಟಾ ಎಂಬ ಗಿಡವು ಅದೇ ಕುಲದ್ದು, ಹೂವೂ ಹಳದಿ. ಲೋಕದ ಅತ್ಯಂತ ಹಾನಿಕರವಾದ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. 'ಹಳದಿ ಹೂವಿನ ಗರುಗ' ಎಂಬಷ್ಟೇ ಗುರುತನ್ನು ಹಿಡಿದು ಹೊರಟವನು ನಿಘಂಟುವಿನ ದ್ರವ್ಯಕ್ಕೆ ಬದಲಾಗಿ ಇದನ್ನು ಕಿತ್ತು ತಂದರೆ ಅವನನ್ನು ತಡೆಯುವ ಶಬ್ದ ದೇಶ್ಯದಲ್ಲಿಲ್ಲ. ಕುಲನಾಮವೂ ತಡೆಯಲಾರದು, ಅದು ಎರಡಕ್ಕೂ ಸಮಾನ, ಪ್ರಭೇದನಾಮವೇ ತಡೆಯಬೇಕು. ಔಷಧದ ಮಾತಿನಲ್ಲಿ ಇದು ಕೇವಲ ಶಬ್ದವಿಚಾರವಲ್ಲ.

ಕಪ್ಪತಗುಡ್ಡದ ವಿಷಯದಲ್ಲಿಯೂ ಹಾಗೆಯೇ. ಈ ಗುಡ್ಡವನ್ನು ಸರಕಾರವು ೨೦೧೫ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿ, ೨೦೧೬ರಲ್ಲಿ ಆ ಆಜ್ಞೆಯನ್ನು ಹಿಂತೆಗೆದುಕೊಂಡು, ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗಸ್ವಾಮಿಗಳ ನೇತೃತ್ವದ ಜನಾಂದೋಲನದ ತರುವಾಯ ೨೦೧೭ರಲ್ಲಿ ಮತ್ತೆ ಘೋಷಿಸಿ, ೨೦೧೯ರಲ್ಲಿ ಸುಮಾರು ೨೪೪ ಚದರ ಕಿಲೋಮೀಟರಿನಷ್ಟನ್ನು ವನ್ಯಜೀವಿಧಾಮವನ್ನಾಗಿ ಮಾಡಿತು. ಗುಡ್ಡದ ಒಡಲಿನಲ್ಲಿ ಅದಿರು ಇದೆ, ಮೇಲೆ ಮೂಲಿಕೆ ಇದೆ. ವಾದವು ಇವೆರಡರ ನಡುವಿನದು. ಅದಿರನ್ನು ತೂಗಿ ತೋರಿಸಬಹುದು. ಮೂಲಿಕೆಯ ಪಕ್ಷದವರು ತೋರಿಸಬೇಕಾದುದು ಹೆಸರುಗಳ ಪಟ್ಟಿಯನ್ನು. ಆ ಪಟ್ಟಿಯಲ್ಲಿ ಒಂದೇ ಗಿಡವು ಮೂರು ಹೆಸರಿನಿಂದ ಮೂರು ಬಾರಿ ಬಂದರೆ, ಅಥವಾ ಮೂರು ಗಿಡಗಳು ಒಂದೇ ಹೆಸರಿನಲ್ಲಿ ಅಡಗಿದರೆ, ಪ್ರತಿವಾದಿಯು ಪಟ್ಟಿಯನ್ನೆಲ್ಲ ಅಪ್ರಮಾಣವೆಂದು ತಳ್ಳಿಹಾಕಲು ಅವಕಾಶವಾಗುತ್ತದೆ. ಹಳೆಯ ಗ್ರಂಥಗಳಿಂದ ಹೆಸರುಗಳನ್ನು ಎತ್ತಿಕೊಡುವ ಪಂಡಿತರಿಗೆ ಇಲ್ಲಿ ಹೊಣೆಯಿದೆ.

೬

ಮೇಲಿನ ವಿಚಾರದಿಂದ ಸಂಪಾದಕರಿಗೂ ಉಪಾಧ್ಯಾಯರಿಗೂ ಉಪಯುಕ್ತವಾದ ನಿಯಮಗಳನ್ನು ಹೀಗೆ ಸಂಗ್ರಹಿಸಬಹುದು. ನಿಘಂಟುವಿನ ಹೆಸರಿನ ಮುಂದೆ ಲ್ಯಾಟಿನ್ ಹೆಸರನ್ನು ಬರೆಯುವಾಗ ಅದನ್ನು ಪರ್ಯಾಯವೆಂದು ಬರೆಯದೆ ಗುರುತೆಂದು ಬರೆಯಬೇಕು. ಆ ಗುರುತು ಯಾರ ಮತ, ಯಾವ ವರ್ಷದ್ದು ಎಂಬುದನ್ನು ಜೊತೆಗೆ ಹೇಳಬೇಕು. ೧೮೯೪ರ ನಿಘಂಟುವಿನ ಲ್ಯಾಟಿನ್ ಹೆಸರು ೧೮೯೪ರ ಮತವನ್ನು ತಿಳಿಸುತ್ತದೆಯೇ ಹೊರತು ಇಂದಿನದನ್ನಲ್ಲ. ಕುಲನಾಮಕ್ಕೆ ತೃಪ್ತರಾಗದೆ ಪ್ರಭೇದನಾಮವನ್ನೂ ಕೊಡಬೇಕು. ನಿಘಂಟುಕಾರನ ಭೇದಗಳನ್ನು ಸಸ್ಯಶಾಸ್ತ್ರದ ಪ್ರಭೇದಗಳೆಂದು ಹೊಗಳುವುದೂ ಬೇಡ, ಅವಲ್ಲವೆಂದು ತೆಗಳುವುದೂ ಬೇಡ. ಅವನ ನಿಮಿತ್ತ ಗುಣಕರ್ಮವೆಂದು ತಿಳಿದು ಆ ನಿಮಿತ್ತದೊಳಗೆ ಅವನು ಸರಿಯೋ ತಪ್ಪೋ ಎಂದು ನೋಡಬೇಕು. ಗರುಗದೊಡನೆ ಹಳದಿಯದನ್ನು ಇಟ್ಟ ನರಹರಿಯು ಕರ್ಮಸಾಮ್ಯವನ್ನು ಹೇಳಿದನಲ್ಲದೆ ಹುಟ್ಟನ್ನು ಹೇಳಲಿಲ್ಲ. ಹೇಳದ ಮಾತಿಗೆ ಅವನನ್ನು ದಂಡಿಸುವುದು ನ್ಯಾಯವಲ್ಲ.

ಹೊಸ ಹೆಸರುಗಳನ್ನು ಕಟ್ಟುವವರೂ ಎಚ್ಚರದಿಂದಿರಬೇಕು. 'ಪೀತಗರುಗ' ಎಂಬಂತಹ ಸಮಾಸವು ಸಂಸ್ಕೃತವನ್ನೂ ಕನ್ನಡವನ್ನೂ ಬೆಸೆದ ಅರಿಸಮಾಸ. ಕೇಶಿರಾಜನ ದೃಷ್ಟಿಯಲ್ಲಿ ಇದಕ್ಕೆ ಸಾಮಾನ್ಯವಾಗಿ ಸಮ್ಮತಿಯಿಲ್ಲ. 'ಹಳದಿ ಗರುಗ' ಎಂದರೆ ಸಾಕು. ಗಿಡಗಳ ಸಂಕರವನ್ನು ವಿದ್ವಾಂಸರು ಎಣಿಸಿ ಬಿಡಿಸಬಲ್ಲರು. ಶಬ್ದಗಳ ಸಂಕರವು ಪುಸ್ತಕದಿಂದ ಪುಸ್ತಕಕ್ಕೆ ಹಬ್ಬಿ ಬಿಡಿಸಲಾರದ್ದಾಗುತ್ತದೆ. ಕವಿರಾಜಮಾರ್ಗಕಾರನು ಕನ್ನಡದ ತಿರುಳನ್ನು ಎಣಿಸುವಾಗ ಹೇಳಿದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಆ ಸೀಮೆಯ ಜನರು ತಮ್ಮ ಕೆರೆಯಂಚಿನ ಗಿಡಕ್ಕೆ ಇಟ್ಟ ಹೆಸರನ್ನು ಹಾಗೆಯೇ ಉಳಿಸಿಕೊಂಡು, ಅದರ ಕುಲವೇನೆಂಬುದನ್ನು ಬೇರೆಯಾಗಿ, ಪ್ರಮಾಣಸಹಿತವಾಗಿ ಬರೆಯುವುದು ಎರಡು ಶಾಸ್ತ್ರಗಳಿಗೂ ಹಿತವಾದ ಮಾರ್ಗ.